ಜೀನಾಳ ಮೂರು ಕಾಗದಗಳು

ಬಸ್ಸಿನಿಂದ ಇಳಿದ ನೊನ್ನಾಳ ಜರ್ಮನ್ ಬೂಟು ಮೊದಲ ಹೆಜ್ಜೆಗೇ ಕೆಸರಿನಲ್ಲಿ ಹೂತುಹೋಯಿತು. ಏಪ್ರಿಲಿನಲ್ಲಿ ಸುಖೊನಾ ನದಿಯ ದಂಡೆಯ ಆ ಊರಿಗೆ ಅಂಥ ಬೂಟು ಹಾಕಿಕೊಂಡು ಬರುವವರು ಎರಡೇ ಬಗೆ: ಮಾಸ್ಕೋದಿಂದ ತಪಾಸಣೆಗೆ ಬಂದ ಅಧಿಕಾರಿಗಳು, ಇಲ್ಲವೇ ಊರನ್ನೇ ಮರೆತವರು. ನೊನ್ನಾ ಅಧಿಕಾರಿಯಲ್ಲ.

"ಅಯ್ಯೋ ನಿನ್ ಮನೆ ಹಾಳಾಗ! ನಮ್ಮೂರಿನ ವಸಂತ ಹೆಂಗಿರತ್ತೆ ಅಂತಾನೂ ಮರ್ತೋಯ್ತಾ?" ನಿಲ್ದಾಣದ ಹಲಗೆಯ ಮೇಲೆ ನಿಂತಿದ್ದ ಹಳೆಯ ಗೆಳತಿ ಜಿನಾಯಿದಾ, ಬಾಯಿಮಾತಿಗೆ ಜೀನಾ, ಕೂಗಿದಳು. ಅವಳ ಕೈಯಲ್ಲಿ ಒಂದು ಜೊತೆ ರಬ್ಬರ್ ಬೂಟು ನೇತಾಡುತ್ತಿತ್ತು. "ಮದುವೆಮನೆಗೆ ಬರೋಳ ಹಾಗೆ ಬರ್ತೀಯ ಅಂತ ನಂಗೊತ್ತಿತ್ತು. ತಗೋ, ಹಾಕ್ಕೋ. ನನ್ ಗಂಡ ಅರ್ಕಾದಿದು. ಸತ್ತವನ ಬೂಟು ಅಂತ ಮುಖ ಸಿಂಡರಿಸ್ಬೇಡ, ಪಾಪ, ಒಳ್ಳೇವ್ನೇ ಆಗಿದ್ದ."

ಬೂಟು ಬದಲಾಯಿಸುವ ಮೊದಲೇ ಜೀನಾ ಅವಳನ್ನು ತಬ್ಬಿಕೊಂಡಳು. ತಬ್ಬಿಕೊಂಡವಳು ಬಿಡಲಿಲ್ಲ. ಗೆಳತಿಯ ಕೆನ್ನೆ ಹಿಂಡಿದಳು, ತೋಳು ಅಮುಕಿದಳು, ಸಂತೆಯಲ್ಲಿ ಕೋಳಿ ಕೊಳ್ಳುವವಳ ಹಾಗೆ ಭುಜ ಬೆನ್ನೆಲ್ಲ ತಡವಿದಳು. "ಇದೀಯ," ಎಂದಳು. "ನಿಜವಾಗ್ಲೂ ಇದೀಯ ಕಣೇ." ಇಪ್ಪತ್ನಾಲ್ಕು ವರ್ಷದ ಮೇಲೆ ನೋಡಿದ ಯಾರಾದರೂ ಆಡುವ ಮಾತು ಅದೆಂದುಕೊಂಡು ನೊನ್ನಾ ಸುಮ್ಮನೆ ನಕ್ಕಳು.

ಆಮೇಲೆ ಜೀನಾ ಅವಳ ಎರಡೂ ಕೈ ಹಿಡಿದುಕೊಂಡು ಕೇಳಿದಳು. "ನೀನು ಫೋನಲ್ಲಿ ಬರೆದಿದ್ದೆ, ಓದಿದೀನಿ. ಆದ್ರೂ ನಿನ್ ಬಾಯಿಂದ ಕೇಳ್ಬೇಕು. ನನ್ ಕೊನೇ ಮೂರು ಕಾಗದ ಒಂದೂ ಬರ್ಲಿಲ್ವಾ?"

"ಒಂದೂ ಬರ್ಲಿಲ್ಲ ಜೀನಾ," ಎಂದಳು ನೊನ್ನಾ.

"ದೇವರ ಮೇಲಾಣೆ?"

"ಇನ್ಯಾರ ಮೇಲೆ?"

ಅದು ಸುಳ್ಳು. ಮೂರೂ ಬಂದಿದ್ದವು.

ಮೂವರೂ ಊರಿನ ಅಗಸೆನಾರಿನ ಗಿರಣಿಯಲ್ಲಿ ಹದಿನೆಂಟು ವರ್ಷ ಅಕ್ಕಪಕ್ಕದ ಯಂತ್ರಗಳಲ್ಲಿ ನೂಲು ತೆಗೆದವರು: ನೊನ್ನಾ, ಜೀನಾ, ಫಾಯಿನಾ. ಒಂದೇ ಕೋಣೆಯಲ್ಲಿ ಮಲಗಿದವರು, ಇದ್ದ ಒಂದೇ ಒಂದು ಒಳ್ಳೆಯ ಕೋಟನ್ನು ಸರದಿಯ ಮೇಲೆ ತೊಟ್ಟು ಕುಣಿತಕ್ಕೆ ಹೋದವರು. ಗಿರಣಿಯವರು ಸಂಬಳದ ಬದಲು ದುಪ್ಪಟಿ ಹಂಚತೊಡಗಿದ ವರ್ಷ ನೊನ್ನಾಳ ಗಂಡ ವಿಲ್ಲಿಗೆ ತನ್ನ ತಾತ ಜರ್ಮನ್ ಎಂಬುದು ನೆನಪಾಯಿತು. ಹೆಂಡತಿ, ತಾಯಿ, ಎರಡು ಪೆಟ್ಟಿಗೆ ಸಮೇತ, ಜರ್ಮನ್ ಮೂಲದವರಿಗೆ ಬಾಗಿಲು ತೆರೆದಿದ್ದ ಜರ್ಮನಿಗೆ ಹೊರಟೇಬಿಟ್ಟ. ನಾಲ್ಕು ವರ್ಷ ಕಾಗದಗಳು ಹೋಗಿ ಬಂದು ಮಾಡಿದವು.

ತೊಂಬತ್ತೆಂಟರ ಜನವರಿಯಲ್ಲಿ ಬಂದ ಕಾಗದ ಬೇರೆ ಥರದ್ದು. ಫಾಯಿನಾಳ ಹೃದಯ ಕೈಕೊಡುತ್ತಿದೆ, ಡಾಕ್ಟರು ಬರೆದ ಔಷಧಿ ದೊಡ್ಡ ಊರು ವೊಲೊಗ್ದಾದಲ್ಲೂ ಸಿಗುತ್ತಿಲ್ಲ, ಜರ್ಮನಿಯಲ್ಲಿ ಸಿಗುತ್ತದಂತೆ, ಹೇಗಾದರೂ ಕಳಿಸು ಎಂದು ಜೀನಾ ಬರೆದಿದ್ದಳು. ಔಷಧಿಯ ಹೆಸರನ್ನು ದಪ್ಪಕ್ಷರದಲ್ಲಿ ಎರಡು ಸಲ ಬರೆದಿದ್ದಳು. ನೊನ್ನಾ ಅಡುಗೆಮನೆಯಲ್ಲಿ ನಿಂತೇ ಓದಿದಳು. ಔಷಧಿ ಅಂಗಡಿ ಅವರಿದ್ದ ಕಟ್ಟಡದ ಕೆಳಗೇ ಇತ್ತು. ಆದರೆ ಚೀಟಿಗೆ ಡಾಕ್ಟರನ್ನು ಕಾಣಬೇಕು, ಡಾಕ್ಟರ ಹತ್ತಿರ ಜರ್ಮನಿನಲ್ಲಿ ಬೇಡಬೇಕು. ಅವಳ ಜರ್ಮನ್ ಆಲೂಗಡ್ಡೆ ಕೊಳ್ಳುವುದಕ್ಕೆ ಸಾಕು, ಬೇಡುವುದಕ್ಕೆ ಸಾಲದು. "ಇವತ್ತು ಮಾತ್ರೆ ಕೇಳ್ತಾರೆ, ನಾಳೆ ಟೀವಿ ಕೇಳ್ತಾರೆ," ಎಂದು ಅತ್ತೆ ಬೇರೆ ಕೊಂಕು ತೆಗೆದಳು. ಸೋಮವಾರ ಹೋಗುತ್ತೇನೆ ಎಂದುಕೊಂಡು ನೊನ್ನಾ ಕಾಗದವನ್ನು ಹೊಲಿಗೆ ಡಬ್ಬಿಯಲ್ಲಿಟ್ಟಳು. ಸೋಮವಾರಗಳಿಗೇನು ಬರ, ಒಂದಾದ ಮೇಲೆ ಒಂದು ಬಂದವು.

ಎರಡನೆಯ ಕಾಗದ ಮಾರ್ಚಿನಲ್ಲಿ ಬಂತು. ಅದನ್ನು ಒಡೆಯುವುದಕ್ಕೇ ಅವಳಿಗೆ ಹತ್ತು ದಿನ ಬೇಕಾಯಿತು. "ನೊನ್ನಾ, ಬೇಗ" ಎಂದಷ್ಟೇ ಇತ್ತು. ಮೇ ತಿಂಗಳಲ್ಲಿ ಬಂದ ಮೂರನೆಯದರಲ್ಲಿ ಫಾಯಿನಾ ಹೋದ ಸುದ್ದಿ. ಕೊನೆಯಲ್ಲಿ ಜೀನಾ ಬರೆದಿದ್ದಳು: ನಿನಗೇನಾದರೂ ಆಯಿತೇ? ಬದುಕಿದ್ದರೆ ಏನೂ ಬರೆಯಬೇಡ, ಲಕೋಟೆಯಲ್ಲಿ ಒಂದು ಖಾಲಿ ಹಾಳೆ ಇಟ್ಟು ಕಳಿಸು, ನನಗೆ ಅಷ್ಟೇ ಸಾಕು.

ನೊನ್ನಾ ಖಾಲಿ ಹಾಳೆಯನ್ನೂ ಕಳಿಸಲಿಲ್ಲ. ಅವಳಿಗೆ ನಾಚಿಕೆ ಇರಲಿಲ್ಲ ಅನ್ನಬೇಡಿ, ಇತ್ತು. ತಪ್ಪನ್ನು ತಿದ್ದುವುದಕ್ಕೆ ತಡವಾಗಿ ಬರುವ ನಾಚಿಕೆ ತಪ್ಪನ್ನು ಮುಚ್ಚಿಡುವ ಕೆಲಸಕ್ಕೆ ಮಾತ್ರ ಬರುತ್ತದೆ. ವಾರ ಕಳೆದಷ್ಟೂ ಕೈ ಭಾರವಾಯಿತು, ವರ್ಷ ಕಳೆದ ಮೇಲೆ ಕೈ ಎತ್ತುವ ಪ್ರಶ್ನೆಯೇ ಉಳಿಯಲಿಲ್ಲ. ಮನೆ ಬದಲಾಯಿಸಿದರು, ವಿಳಾಸವೂ ಬದಲಾಯಿತು. ಹೊಲಿಗೆ ಡಬ್ಬಿ ಮಾತ್ರ ಜೊತೆಗೇ ಬಂತು.

ಹೋದ ವರ್ಷ ವಿಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಬಾಯಿತುಂಬ ರಷ್ಯನ್ ಆಡಲು ಒಂದು ನರಪಿಳ್ಳೆಯೂ ಇಲ್ಲದ ಮನೆಯಲ್ಲಿ ಕೂತು ನೊನ್ನಾ ಫೋನಿನಲ್ಲಿ ಹಳೆಯ ಹೆಸರುಗಳನ್ನು ಹುಡುಕಿದಳು. ಜೀನಾ ಸಿಕ್ಕಳು. "ನಾನು ನೊನ್ನಾ" ಎಂದು ಬರೆದದ್ದಕ್ಕೆ ಒಂದೇ ನಿಮಿಷದಲ್ಲಿ ಉತ್ತರ ಬಂತು: "ಯಾರಿದು? ಇಂಥದ್ರಲ್ಲಿ ತಮಾಷೆ ಮಾಡ್ಬೇಡಿ." ಆಮೇಲೆ ಮಾತೇ ಇಲ್ಲದ, ಬರೀ ಅಳುವಿನ ಧ್ವನಿ. ಆಮೇಲೆ ಆ ಪ್ರಶ್ನೆ. ಕಾಗದ ಬರಲಿಲ್ಲ ಎಂದು ನೊನ್ನಾ ಬೆರಳಲ್ಲಿ ಒತ್ತಿದಳು. ಗೆಳತಿಯನ್ನು ಸತ್ಯ ಹೇಳಿ ಕಳೆದುಕೊಳ್ಳುವುದಕ್ಕಿಂತ ಸುಳ್ಳು ಹೇಳಿ ಉಳಿಸಿಕೊಳ್ಳುವುದು ವಾಸಿ ಅನ್ನಿಸಿತು. ಆ ವಯಸ್ಸಿನಲ್ಲಿ ಅವಳಿಗೆ ಉಳಿದಿದ್ದವಳು ಈ ಒಬ್ಬಳೇ.

ಜೀನಾಳ ಮನೆಯ ಕಿಟಕಿಗಳಲ್ಲೆಲ್ಲ ಕತ್ತರಿಸಿದ ಹಾಲಿನ ಡಬ್ಬಗಳು, ಡಬ್ಬಗಳ ತುಂಬ ಟೊಮೇಟೊ ಸಸಿ. ಚೀಲ ಇಡಲೂ ಜಾಗವಿರಲಿಲ್ಲ. ಮೀನಿನ ಕಡುಬು, ಉಪ್ಪುಹಾಕಿದ ಅಣಬೆ, ಈಸ್ಟರಿಗೆ ಮಾಡಿ ಉಳಿದ ಸಿಹಿ ಬ್ರೆಡ್ಡು, ಕುತ್ತಿಗೆಯ ಮೇಲೆ ಬೆವರು ಮೂಡಿದ ವೋಡ್ಕಾ ಬಾಟಲಿ ಮೇಜಿಗೆ ಬಂದವು. ಇನ್ನೂ ಬಿಸಿಲಿರುವಾಗಲೇ ಇಬ್ಬರೂ ಕೂತರು.

"ತಿನ್ನೇ, ತಿನ್ನು. ಅಲ್ಲಿ ನಿಂಗೆ ಏನು ಹಾಕ್ತಾರೋ ಏನೋ, ಕಡ್ಡಿ ಥರ ಆಗಿದೀಯ."

"ಡಾಕ್ಟ್ರು ಕೊಬ್ಬು ಬೇಡ ಅಂದಿದಾರೆ."

"ಡಾಕ್ಟ್ರು ಸಾಯಲ್ವಾ? ತಿನ್ನು."

ನಕ್ಕರು. ಗಿರಣಿಯ ಮೇಸ್ತ್ರಿಯನ್ನು ಆಡಿಕೊಂಡರು, ಫಾಯಿನಾ ಒಮ್ಮೆ ಹಾಡು ಹೇಳಲು ಹೋಗಿ ವೇದಿಕೆಯ ಪರದೆಯನ್ನೇ ಎಳೆದುಹಾಕಿದ್ದನ್ನು ನೆನೆದರು. ಎರಡನೆಯ ಲೋಟಕ್ಕೆ ಜೀನಾಳ ಮುಖ ಗಟ್ಟಿಯಾಯಿತು.

"ಫಾಯಿನಾ ಕೊನೇವರ್ಗೂ ಕಾದ್ಲು. ಬಾಗಿಲು ಸದ್ದಾದ್ರೆ ಸಾಕು, 'ನೊನ್ನಾ ಕಳಿಸಿದ್ಲಾ ನೋಡು' ಅನ್ನೋಳು. ನಿನ್ನ ಒಂದಿನ ಬೈಲಿಲ್ಲ ಕಣೇ. ನಾನೇ ಬೈದೆ. ಆದ್ರೆ ನಿನ್ನಲ್ಲ, ಅವ್ಗುಸ್ತಾನ್ನ."

"ಯಾವ ಅವ್ಗುಸ್ತಾ?"

"ಅಂಚೆ ಕಚೇರಿ ಅವ್ಗುಸ್ತಾ ಪಾವ್ಲೊವ್ನಾ! ಇನ್ಯಾರು ಕದೀತಾರೆ? ಹೊರದೇಶದ ಲಕೋಟೆ ಅಂದ್ರೆ ಆಗ ಎಲ್ರಿಗೂ ಕಣ್ಣು. ಫಾಯಿನಾನ್ನ ಮಣ್ಣು ಮಾಡಿ ತಿಂಗಳಾಯ್ತು, ಮೂರನೇ ಕಾಗದಕ್ಕೂ ಉತ್ತರ ಇಲ್ಲ, ಸೀದಾ ಹೋದೆ. ಪಿಂಚಣಿ ದಿನ, ಸಾಲು ಬಾಗಿಲು ದಾಟಿ ನಿಂತಿತ್ತು. ಎಲ್ರ ಮುಂದೇನೇ ಹೇಳ್ದೆ: ಕಳ್ಳಿ, ಒಂದು ಜೀವ ತಿಂದೆ ನೀನು ಅಂತ."

"ಅವ್ಳೇನಂದ್ಲು?" ಎಂದಳು ನೊನ್ನಾ.

"ಏನಂತಾಳೆ? 'ನಿಮ್ಮ ಮೂರೂ ಕಾಗದಕ್ಕೆ ನನ್ ಕೈಯಾರೆ ಮುದ್ರೆ ಒತ್ತಿದೀನಿ' ಅಂದ್ಲು. ಕಳ್ಳರು ಇನ್ನೇನಂತಾರೆ! ಊರು ಅವಳನ್ನ ಲಕೋಟೆ ಕಳ್ಳಿ ಅಂತು. ವರ್ಷದೊಳ್ಗೆ ಕೆಲಸ ಬಿಟ್ಲು. ಈಗ ಚರ್ಚಿನಲ್ಲಿ ಮೇಣದಬತ್ತಿ ಮಾರ್ತಾಳೆ. ಇಪ್ಪತ್ತು ವರ್ಷ ಆಯ್ತು, ಅವಳ ಜೊತೆ ನಾನು ಒಂದು ಮಾತಾಡಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನೊನ್ನಾ ಹೆಗಲನ್ನೂ ಮುಟ್ಟಿಕೊಳ್ಳಲಾರದೆ ಕೂತಳು. ಈಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಜೀನಾ ಕಡುಬಿನ ಇನ್ನೊಂದು ತುಂಡನ್ನು ಅವಳ ತಟ್ಟೆಗೆ ಹಾಕಿ, "ಹೋಗ್ಲಿ ಬಿಡು, ನೀನು ಬಂದ್ಯಲ್ಲ," ಎಂದು ಅವಳ ಕೈ ಸವರಿದಳು. ಆ ಬಿಸಿ ಕೈಯನ್ನು ಬಿಟ್ಟುಕೊಡಲು ನೊನ್ನಾಳಿಗೆ ಆಗಲಿಲ್ಲ. ಕಡುಬು ತಿಂದಳು.

ಮರುದಿನ ಮಂಗಳವಾರ, ಈಸ್ಟರ್ ಮುಗಿದ ಒಂಬತ್ತನೆಯ ದಿನ. ಅಂದು ಸತ್ತವರ ಈಸ್ಟರ್. ಊರಿಗೆ ಊರೇ ಬುಟ್ಟಿ ಹಿಡಿದು ಸಮಾಧಿಗಳ ಕಡೆಗೆ ಹೊರಟಿತ್ತು. ಜೀನಾಳ ಬುಟ್ಟಿಯಲ್ಲಿ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪಾಗಿಸಿದ ಮೊಟ್ಟೆಗಳು, ಬ್ರೆಡ್ಡು, ಫಾಯಿನಾಳ ಸಮಾಧಿಯ ಕಟಕಟೆಗೆ ಬಳಿಯಲು ನೀಲಿ ಬಣ್ಣದ ಡಬ್ಬಿ, ಎರಡು ಕುಂಚ. "ಒಂದು ನಿಂಗೆ," ಎಂದಿದ್ದಳು. ನದಿಯ ಮಂಜುಗಡ್ಡೆ ಒಡೆದು ಹೋಗಿ ವಾರವಾಗಿತ್ತು, ಬೇಲಿಗಳ ನೆರಳಿನಲ್ಲಿ ಮಾತ್ರ ಕೊಳಕು ಹಿಮ ಉಳಿದಿತ್ತು. ಕಂಡಕಂಡವರನ್ನೆಲ್ಲ ಜೀನಾ ನಿಲ್ಲಿಸಿ ತೋರಿಸಿದಳು: "ನೋಡಿ, ನಮ್ ನೊನ್ನಾ! ಜೀವಂತ ಇದಾಳೆ!" ಜನ ಶಿಲುಬೆಯ ಗುರುತು ಹಾಕಿಕೊಂಡು ನಕ್ಕರು. ಇವರಿಗೆಲ್ಲ ಏನಾಗಿದೆ, ಜರ್ಮನಿಗೆ ಹೋದವರು ಸಾಯುತ್ತಾರೆಯೇ ಎಂದು ನೊನ್ನಾಳಿಗೆ ವಿಚಿತ್ರವೆನ್ನಿಸಿತು.

ಮೊದಲು ಚರ್ಚು. ಒಳಗೆ ಬಾಗಿಲ ಪಕ್ಕದಲ್ಲೇ ಮೇಣದಬತ್ತಿಯ ಕಟ್ಟೆ, ಕಟ್ಟೆಯ ಹಿಂದೆ ಬೂದುಬಣ್ಣದ ಶಾಲು ಹೊದ್ದ ತೆಳ್ಳನೆಯ ಮುದುಕಿ. ಅವ್ಗುಸ್ತಾ ಎಂದು ನೊನ್ನಾಳಿಗೆ ಕೂಡಲೇ ಗುರುತು ಹತ್ತಿತು. ಜನ ತಮ್ಮ ತಮ್ಮ ಹೆಸರಿನ ಪುಸ್ತಕ ಕೊಡುತ್ತಿದ್ದರು, ಪೂಜೆಯಲ್ಲಿ ಗಟ್ಟಿಯಾಗಿ ಓದಿಸಲು. ಜೀನಾ ಕೈಚೀಲದಿಂದ ತನ್ನದನ್ನು ತೆಗೆದಳು. ಮಡಚಿ ಮಡಚಿ ಬಟ್ಟೆಯಂತಾದ ಪುಟ್ಟ ಪುಸ್ತಕ. ಅರ್ಧಕ್ಕೆ ಕೆಂಪು ಶಿಲುಬೆ, ಅದು ಬದುಕಿರುವವರ ಆರೋಗ್ಯಕ್ಕೆ. ಇನ್ನರ್ಧಕ್ಕೆ ಕಪ್ಪು ಶಿಲುಬೆ, ಸತ್ತವರ ಶಾಂತಿಗೆ.

ಜೀನಾ ಕಪ್ಪು ಶಿಲುಬೆಯ ಹಾಳೆ ಬಿಡಿಸಿ ನೊನ್ನಾಳ ಮುಂದೆ ಹಿಡಿದಳು. ಮುಖದ ತುಂಬ ಹಬ್ಬದ ನಗು.

ಪಟ್ಟಿಯಲ್ಲಿ ಜೀನಾಳ ತಂದೆತಾಯಿ ಇದ್ದರು, ಅರ್ಕಾದಿ ಇದ್ದ, ಫಾಯಿನಾ ಇದ್ದಳು. ಫಾಯಿನಾಳ ಕೆಳಗೆ, ಅದೇ ಹಳೆಯ ಶಾಯಿಯಲ್ಲಿ, ನೊನ್ನಾ. ಆ ಊರಿನಲ್ಲಿ ಆ ಹೆಸರಿನವಳು ಹಿಂದೆಯೂ ಇವಳೊಬ್ಬಳೇ.

ನೊನ್ನಾ ಒಂದು ಹೆಜ್ಜೆ ಹಿಂದೆ ಸರಿದಳು. ಬದುಕಿದ್ದವರ ಹೆಸರನ್ನು ಸತ್ತವರ ಪಟ್ಟಿಗೆ ಹಾಕಿ ಓದಿಸಿದರೆ ಅವರು ಕೊರಗಿ ಸಾಯುತ್ತಾರೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಆಗದವರ ಮೇಲೆ ಹೆಂಗಸರು ಕದ್ದು ಮಾಡುವ ಮಾಟ ಅದು. ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡದ್ದು, ಬಸಿರು ನಿಲ್ಲದೆ ಹೋದದ್ದು, ವಿಲ್ಲಿ ಸತ್ತದ್ದು ಎಲ್ಲವೂ ಒಂದೇ ಏಟಿಗೆ ನೆನಪಿಗೆ ಬಂದವು. ಬಸಿರು ನಿಲ್ಲದ್ದು ಅದಕ್ಕೂ ಹತ್ತು ವರ್ಷ ಹಿಂದಿನ ಮಾತು, ಆದರೆ ಹೆದರಿದವರು ಇಸವಿ ನೋಡುತ್ತಾರೆಯೇ?

"ನನ್ನ... ನನ್ನ ಸಾಯಿಸೋಕೆ ಹೆಸರು ಬರ್ದಿದ್ಯಾ?"

"ಥೂ, ಹುಚ್ಚಿ!" ಜೀನಾ ಅವಳ ತೋಳಿಗೆ ಹೊಡೆದಳು. "ಮೂರು ಕಾಗದಕ್ಕೆ ಉತ್ತರ ಇಲ್ಲ. ಖಾಲಿ ಹಾಳೆ ಕಳ್ಸು ಅಂದ್ರೂ ಇಲ್ಲ. ನಾನೇನಂತ ತಿಳ್ಕೊಬೇಕಿತ್ತು? ಕಾಗದ ಕದ್ರೂ ಮೂರಲ್ಲಿ ಒಂದು ತಲುಪತ್ತೆ. ತಲುಪಿದ್ರೆ ನಮ್ ನೊನ್ನಾ ಸುಮ್ನೆ ಇರ್ತಾಳಾ? ಫಾಯಿನಾ ಸಾಯ್ತಿದಾಳೆ ಅಂದ್ರೆ ತೆವಳ್ಕೊಂಡಾದ್ರೂ ಬರೋಳು. ಬರ್ಲಿಲ್ಲ ಅಂದ್ರೆ ಅವ್ಳೇ ಇಲ್ಲ ಅಂತ. ನಲವತ್ತು ದಿನ ಕಾದೆ. ಆಮೇಲೆ ಬರ್ದೆ. ನಿನ್ನೂ ಫಾಯಿನಾನೂ ಒಟ್ಟಿಗೇ ಅತ್ತಿದೀನಿ, ಇಪ್ಪತ್ತು ವಸಂತ."

ನೊನ್ನಾ ಆ ಹೆಸರಿನ ಮೇಲೆ ಬೆರಳಾಡಿಸಿದಳು.

"ಬದುಕಿದ್ದೋರಿಗೆ ತಪ್ಪಿ ತಿಥಿ ಮಾಡಿದ್ರೆ ಅವ್ರು ನೂರು ವರ್ಷ ಬಾಳ್ತಾರಂತೆ, ಅದೂ ಒಂದು ಮಾತಿದೆ. ಹೋದ ವರ್ಷ ನೀನು ಸಿಕ್ಕ ದಿನಾನೇ ಹೊಡೆದು ಹಾಕ್ತಿದ್ದೆ. ಬೇಡ ಅಂತ ಇಟ್ಕೊಂಡೆ. ನಿನ್ ಕೈಯಲ್ಲೇ ಹೊಡೆಸ್ಬೇಕು ಅಂತ." ಜೀನಾ ಕಟ್ಟೆಯ ಮೇಲಿದ್ದ ಪೆನ್ನು ಎತ್ತಿ ಗೆಳತಿಯ ಕೈಗಿಟ್ಟಳು. ಆಮೇಲೆ ಎದೆ ಸೆಟೆಸಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕಟ್ಟೆಯ ಹಿಂದಿನವಳ ಮುಖ ನೋಡಿದಳು. "ನೋಡ್ಕೊಳ್ಳಿ, ಅವ್ಗುಸ್ತಾ ಪಾವ್ಲೊವ್ನಾ. ಬದುಕಿದಾಳೆ. ಒಂದು ಕಾಗದಾನೂ ತಲುಪಿಲ್ಲ ಇವಳಿಗೆ. ಈಗೇನಂತೀರಿ?"

ಸಾಲಿನಲ್ಲಿದ್ದವರು ಗುಸುಗುಸು ನಿಲ್ಲಿಸಿದರು. ಅವ್ಗುಸ್ತಾ ಮೇಣದಬತ್ತಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಜೀನಾಳ ಕಡೆ ನೋಡಲಿಲ್ಲ.

"ನಾನು ನಿಮ್ಮನ್ನ ಏನೂ ಅನ್ನಲ್ಲ, ಜಿನಾಯಿದಾ. ಇವರನ್ನ ಕೇಳ್ತೀನಿ." ಅವಳು ನೊನ್ನಾಳತ್ತ ತಿರುಗಿದಳು. ಸಿಟ್ಟಿರಲಿಲ್ಲ, ದಣಿವಿತ್ತು. "ನಂಗೀಗ ಎಪ್ಪತ್ನಾಕು. ಇನ್ನೆಷ್ಟು ದಿನಾನೋ. ಬಂದ್ವಾ, ಇಲ್ವಾ? ಅಷ್ಟು ಹೇಳಿ ಸಾಕು."

ಒಂದು "ಇಲ್ಲ" ಸಾಕಿತ್ತು. ಇಲ್ಲ ಎಂದು, ಆ ಹೆಸರಿನ ಮೇಲೆ ಒಂದು ಗೆರೆ ಎಳೆದು, ಹೊರಗೆ ಹೋಗಿ ಕಟಕಟೆಗೆ ನೀಲಿ ಬಳಿದು, ಇನ್ನು ಸಾಯುವವರೆಗೆ ಪ್ರತಿ ವಸಂತಕ್ಕೂ ಈ ಮನೆಗೆ ಬಂದು ಕಡುಬು ತಿನ್ನಬಹುದಿತ್ತು. ನೊನ್ನಾಳ ಪೆನ್ನು ಹೆಸರಿನ ಮೇಲೆ ನಿಂತಿತ್ತು. ಅವಳು ಆ ಹೆಸರನ್ನು ನೋಡಿದಳು. ಇಪ್ಪತ್ತು ವರ್ಷ ತನಗಾಗಿ ಅತ್ತವಳೊಬ್ಬಳು ಈ ಲೋಕದಲ್ಲಿ ಇದ್ದಳು, ತನಗೆ ಗೊತ್ತೇ ಇರಲಿಲ್ಲ. ಇಷ್ಟು ಪ್ರೀತಿಸಿದವಳು ಒಂದು ತಪ್ಪನ್ನು ಕ್ಷಮಿಸದೆ ಇರುತ್ತಾಳೆಯೇ ಅನ್ನಿಸಿತು. ಬೈಯಬಹುದು, ಹೊಡೆಯಬಹುದು, ಆಮೇಲೆ ತಬ್ಬಿಕೊಂಡೇ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಳು. ಅಲ್ಲಿಯೇ ಅವಳು ಎಡವಿದ್ದು.

"ಬಂದ್ವು," ಎಂದಳು ನೊನ್ನಾ. "ಮೂರೂ ಬಂದ್ವು."

ಅವ್ಗುಸ್ತಾ ಕಣ್ಣು ಮುಚ್ಚಿಕೊಂಡಳು.

"ಏನು ಬಂದ್ವು?" ಎಂದಳು ಜೀನಾ. ಅವಳ ತುಟಿಯ ಮೇಲೆ ನಗು ಇನ್ನೂ ಹಾಗೇ ಇತ್ತು.

"ಕಾಗದ. ಓದ್ದೆ ಜೀನಾ. ಔಷಧಿ ಅಂಗಡಿ ನಮ್ಮನೆ ಕೆಳಗೇ ಇತ್ತು. ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಅಂತ... ಆಮೇಲೆ ನಾಚ್ಕೆ ಆಯ್ತು. ಯಾವ ಮುಖ ಇಟ್ಕೊಂಡು ಬರೀಲಿ ಅಂತ ಸುಮ್ನಾದೆ. ಒಂದಿನಾನೂ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ, ನಂಬು. ಹೊಡಿ ಬೇಕಾದ್ರೆ. ಎಲ್ರ ಮುಂದೇನೇ ಹೊಡಿ."

ಜೀನಾ ಹೊಡೆಯಲಿಲ್ಲ. ನೊನ್ನಾಳನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. ನಿನ್ನೆ ಬಸ್ ನಿಲ್ದಾಣದಲ್ಲಿ ನೋಡಿದ್ದಂತಲ್ಲ. ಮನೆಬಾಗಿಲಿಗೆ ವಿಳಾಸ ತಪ್ಪಿ ಬಂದ ಅಪರಿಚಿತಳನ್ನು ನೋಡುವ ಹಾಗೆ. ಆಮೇಲೆ ಅವಳ ಕೈಯಿಂದ ಪೆನ್ನನ್ನು ಬಿಡಿಸಿಕೊಂಡು ಇದ್ದಲ್ಲಿಯೇ ಇಟ್ಟಳು.

ಕಟ್ಟೆಯ ಕಡೆ ತಿರುಗಿದವಳು ಸೊಂಟ ಬಗ್ಗಿಸಿ, ಕೈ ನೆಲಕ್ಕೆ ತಾಗುವಷ್ಟು ಬಾಗಿದಳು. ಮಂಡಿನೋವಿನ ಮುದುಕಿಗೆ ಅದು ಸುಲಭವಿರಲಿಲ್ಲ. "ಅವ್ಗುಸ್ತಾ ಪಾವ್ಲೊವ್ನಾ, ನಿಮ್ಮ ಮಾನ ಬೀದಿಗೆ ಹಾಕಿದೋಳು ನಾನು. ಎಲ್ರ ಮುಂದೇನೇ ಅಂದಿದ್ದೆ, ಎಲ್ರ ಮುಂದೇನೇ ಕೇಳ್ತೀನಿ. ಕ್ಷಮಿಸಿ."

ಅವ್ಗುಸ್ತಾ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. "ನನ್ ಮೊಮ್ಮಕ್ಕಳನ್ನ ಸ್ಕೂಲಲ್ಲಿ ಕಳ್ಳಿ ಮೊಮ್ಮಕ್ಕಳು ಅಂತಿದ್ರು," ಎಂದಳು. ಆಮೇಲೆ ಕಟ್ಟೆಯಿಂದ ಹೊರಗೆ ಬಂದು ಜೀನಾಳ ಮೊಣಕೈ ಹಿಡಿದು ಎತ್ತಿದಳು. "ಏಳು, ಏಳು. ದೇವರು ಕ್ಷಮಿಸ್ತಾನೆ. ನಾನೂ ಕ್ಷಮಿಸ್ದೆ. ನಿಂಗೇನು ಗೊತ್ತಿತ್ತು?"

"ಜೀನಾ," ಎಂದಳು ನೊನ್ನಾ.

ಜೀನಾ ತಿರುಗಲಿಲ್ಲ. "ಮನೆ ಬಾಗಿಲಿಗೆ ಬೀಗ ಹಾಕಿಲ್ಲ. ನಿಮ್ಮ ಚೀಲ ತಗೊಳ್ಳಿ. ಎರಡು ಗಂಟೆಗೆ ಬಸ್ಸಿದೆ."

ಹದಿನೇಳರ ವಯಸ್ಸಿನಿಂದ ನೀನು, ಲೇ, ಹುಚ್ಚಿ ಎಂದವಳು "ನೀವು" ಎಂದದ್ದು ನೊನ್ನಾಳ ಕಿವಿಗೆ ಮೊದಲು ಅರ್ಥವೇ ಆಗಲಿಲ್ಲ.

"ಫಾಯಿನಾ ಸಮಾಧಿಗೆ ಒಂದ್ಸಲ..."

"ಅಲ್ಲಿಗೆ ಬರ್ಬೇಡಿ. ಅವಳು ಕಾಯ್ತಿದ್ದದ್ದು ನಿಮ್ಮನ್ನಲ್ಲ."

"ಹೆಸರಾದ್ರೂ ಹೊಡೆದು ಹಾಕು ಜೀನಾ! ಅದನ್ನ ಓದಿಸ್ಬೇಡ, ನಿನ್ ಕಾಲಿಗೆ ಬೀಳ್ತೀನಿ. ನಾನು ಬದುಕಿದೀನಿ."

ಜೀನಾ ಪುಸ್ತಕವನ್ನು ಕಪ್ಪು ಶಿಲುಬೆಯ ಕಡೆಗೇ ಬಿಡಿಸಿ ಅವ್ಗುಸ್ತಾಳ ಕೈಗೆ ಕೊಟ್ಟಳು. "ಎಲ್ಲಾ ಸರಿ ಇದೆ," ಎಂದಳು. "ಹೀಗೇ ಓದ್ಲಿ."

ಅವ್ಗುಸ್ತಾ ಒಂದು ಗಳಿಗೆ ಅನುಮಾನಿಸಿದಳು. ಜೀನಾಳ ಮುಖ ನೋಡಿ, ಪುಸ್ತಕವನ್ನು ಉಳಿದವುಗಳ ಮೇಲಿಟ್ಟು ಒಳಗೆ ಒಯ್ದಳು.

ಪೂಜೆ ಶುರುವಾಯಿತು. ನೊನ್ನಾ ಹೊರಡಬೇಕಾಗಿತ್ತು, ಹೊರಡಲಿಲ್ಲ. ಅರ್ಕಾದಿಯ ರಬ್ಬರ್ ಬೂಟಿನಲ್ಲಿ ಬಾಗಿಲ ಹತ್ತಿರದ ಗೋಡೆಗೆ ಒರಗಿ ನಿಂತಳು. ಒಳಗೆ ಬರುತ್ತಿದ್ದವರು ಅವಳನ್ನು ಬಳಸಿಕೊಂಡು ಹೋದರು. ಮುಂದೆ, ಬ್ರೆಡ್ಡು ಮೊಟ್ಟೆ ಪೇರಿಸಿದ ಮೇಜಿನ ಪಕ್ಕದಲ್ಲಿ, ಜೀನಾ ಮತ್ತು ಅವ್ಗುಸ್ತಾ ಒಂದೇ ಮೇಣದಬತ್ತಿಯಿಂದ ತಮ್ಮ ತಮ್ಮ ಬತ್ತಿ ಹೊತ್ತಿಸಿಕೊಂಡು ನಿಂತಿದ್ದರು. ಪಾದ್ರಿ ಮೂಗಿನಲ್ಲಿ ರಾಗವಾಗಿ ಹೆಸರುಗಳನ್ನು ಓದುತ್ತಾ ಹೋದ. ಜೀನಾಳ ಪುಸ್ತಕದ ಸರದಿ ಬಂತು. ಅವಳ ಅಪ್ಪ, ಅವಳ ಅಮ್ಮ, ಅರ್ಕಾದಿ, ಫಾಯಿನಾ, ನೊನ್ನಾ.

ಜೀನಾ ಶಿಲುಬೆಯ ಗುರುತು ಹಾಕಿ ತಲೆ ಬಾಗಿಸಿದಳು. ಅವಳ ಭುಜಗಳು ಅಲುಗಿದವು. ಇಪ್ಪತ್ತು ವಸಂತದಲ್ಲಿ ಅತ್ತ ಹಾಗೆಯೇ, ಆ ಹೆಸರಿಗೆ ಮನಸಾರೆ ಅತ್ತಳು. ಹಿಂದೆ ತಿರುಗಿ ಮಾತ್ರ ನೋಡಲಿಲ್ಲ.